ಅರ್ಧ ಬೆಲೆಯ ದಂಡ

ಕರ್ನಾಟಕದಲ್ಲಿ ಹೆಲ್ಮೆಟ್ ಇಲ್ಲದ ತಲೆಗೆ ಸಾವಿರ ರೂಪಾಯಿ ದಂಡ ಇದ್ದದ್ದು ನೆಟ್ಟಗೆ ಮೂರು ವಾರವೂ ಅಲ್ಲ. 2019ರ ಗಣೇಶನ ಹಬ್ಬದ ಆಸುಪಾಸಿನಲ್ಲಿ ಏರಿದ ದಂಡ ಮಹಾಲಯ ಅಮಾವಾಸ್ಯೆಗೆ ಮೊದಲೇ ಇಳಿದುಹೋಯಿತು. ಆದರೆ ಆ ಕೆಲವು ದಿನಗಳಲ್ಲಿ ಊರು ನಡೆದುಕೊಂಡ ರೀತಿ ಇದೆಯಲ್ಲ, ಅದನ್ನು ನೋಡಿದವರು ಮರೆಯುವಂತಿಲ್ಲ. ವರ್ಷಗಟ್ಟಲೆ ಎಮಿಷನ್ ಟೆಸ್ಟ್ ಮಾಡಿಸದ ಸ್ಕೂಟರುಗಳೆಲ್ಲ ಪೆಟ್ರೋಲ್ ಬಂಕಿನ ಮೂಲೆಯ ಗೂಡಿನ ಮುಂದೆ ಸಾಲುಗಟ್ಟಿ ನಿಂತವು. ಫುಟ್‌ಪಾತಿನ ಮೇಲೆ ಹೆಲ್ಮೆಟ್ ರಾಶಿ ಹಾಕಿಕೊಂಡವರಿಗೆ ಬಿಡುವಿಲ್ಲದ ವ್ಯಾಪಾರ. ಇನ್ಶೂರೆನ್ಸ್ ಮುಗಿದು ಎಷ್ಟು ಕಾಲವಾಯಿತೆಂದೇ ಗೊತ್ತಿಲ್ಲದವರು ಬೀರುವಿನಿಂದ ಆರ್‌ಸಿ ಹುಡುಕಿ ತೆಗೆದರು. ಗುರುಗ್ರಾಮದಲ್ಲಿ ಸ್ಕೂಟರ್ ಸವಾರನೊಬ್ಬನಿಗೆ 23,000 ರೂಪಾಯಿ ದಂಡ ಬಿದ್ದು, ತನ್ನ ಗಾಡಿಯೇ 15,000 ಬಾಳುತ್ತದೆಂದು ಅವನು ಗೋಳಾಡಿದ ಸುದ್ದಿ ಎಲ್ಲರ ಮೊಬೈಲಿನಲ್ಲೂ ಓಡಾಡುತ್ತಿತ್ತು.

ಅದಕ್ಕೆ ಮುಂಚಿನದು ನೂರು ರೂಪಾಯಿಯ ಕಾಲ. 1988ರ ಮೋಟಾರು ವಾಹನ ಕಾಯ್ದೆಯ 177ನೇ ಕಲಮಿನಲ್ಲಿ ಸಣ್ಣಪುಟ್ಟ ತಪ್ಪಿಗೆ ಮೊದಲ ಸಲ ಹೆಚ್ಚೆಂದರೆ 100, ಮತ್ತೆ ಮಾಡಿದರೆ 300. ನೂರಕ್ಕೆ ಮನೆಯ ಒಂದು ವಾರದ ತರಕಾರಿ ಬರುತ್ತಿದ್ದಾಗ ಬರೆದ ಆ ಅಂಕಿ, ನೂರಕ್ಕೆ ಎರಡು ಮಸಾಲೆ ದೋಸೆ ಸಿಗುವುದೂ ಕಷ್ಟವಾದ ಕಾಲಕ್ಕೂ ಹಾಗೆಯೇ ಉಳಿದಿತ್ತು. ತಿರುವಿನ ಮರದ ಮರೆಯಲ್ಲಿ ನಿಂತ ಬಿಳಿ ಅಂಗಿಯ ಪೊಲೀಸಪ್ಪ ಕೈ ಅಡ್ಡ ಹಾಕಿ ಕೀಲಿ ಕಿತ್ತುಕೊಂಡರೆ ಅಲ್ಲಿಗೆ ಮಾತುಕತೆ ಶುರು. ‘ರಸೀದಿ ಬೇಕಾ, ಬೇಡವಾ?’ ರಸೀದಿ ಬೇಡವೆಂದರೆ ಐವತ್ತು. ಆ ವ್ಯವಹಾರದಲ್ಲಿ ನನಗೆ ಯಾವ ಗೌರವವೂ ಇಲ್ಲ. ಆದರೂ ಒಂದು ಮಾತು ಒಪ್ಪಬೇಕು: ಐವತ್ತು ತೆತ್ತವನಿಗೂ ತಾನು ಸಿಕ್ಕಿಬಿದ್ದೆ ಎಂಬ ಅಳುಕಿತ್ತು.

ಈ ನೂರು ರೂಪಾಯಿಯನ್ನು ಯಾರೂ ಕದಲಿಸದೆ ಇದ್ದಾಗ ದೆಹಲಿಯಲ್ಲೊಂದು ಅಪಘಾತವಾಯಿತು. 2014ರ ಜೂನ್ 3ರ ಬೆಳಿಗ್ಗೆ, ಕೇಂದ್ರದಲ್ಲಿ ಮಂತ್ರಿಯಾಗಿ ಇನ್ನೂ ವಾರವಷ್ಟೇ ಆಗಿದ್ದ ಮಹಾರಾಷ್ಟ್ರದ ಬಿಜೆಪಿ ನಾಯಕ ಗೋಪಿನಾಥ್ ಮುಂಡೆ ಕಾರಿನ ಹಿಂದಿನ ಸೀಟಿನಲ್ಲಿ ವಿಮಾನ ನಿಲ್ದಾಣಕ್ಕೆ ಹೊರಟಿದ್ದರು. ಇನ್ನೊಂದು ಕಾರು ಬಂದು ಬಡಿಯಿತು. ಅವರು ಸೀಟ್ ಬೆಲ್ಟ್ ಹಾಕಿರಲಿಲ್ಲ; ಬದುಕಲಿಲ್ಲ. ಅದೇ ಮಹಾರಾಷ್ಟ್ರದ, ಅದೇ ಪಕ್ಷದ ನಿತಿನ್ ಗಡ್ಕರಿ ಆಗ ಸಾರಿಗೆ ಮಂತ್ರಿ. ಹೊಸ ಕಾನೂನು ತರುತ್ತೇನೆಂದರು. ಮುಂದಿನ ಐದು ವರ್ಷ ಕರಡು, ರಾಜ್ಯಗಳ ತಕರಾರು, ರಾಜಸ್ಥಾನದ ಯೂನುಸ್ ಖಾನ್ ನೇತೃತ್ವದ ಸಾರಿಗೆ ಮಂತ್ರಿಗಳ ಗುಂಪು, ಲೋಕಸಭೆಯಲ್ಲಿ ಪಾಸಾಗಿ ರಾಜ್ಯಸಭೆಯಲ್ಲಿ ಕೊಳೆತ ಮಸೂದೆ ಎಂದು ಕಳೆದವು. ಕಡೆಗೂ 2019ರ ಆಗಸ್ಟ್ 9ರಂದು ತಿದ್ದುಪಡಿ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಸೆಪ್ಟೆಂಬರ್ 1ರಿಂದ ಜಾರಿ. ಹೆಲ್ಮೆಟ್, ಸೀಟ್ ಬೆಲ್ಟ್ ಇಲ್ಲದಿದ್ದರೆ 1,000. ಡಿಎಲ್ ಇಲ್ಲದಿದ್ದರೆ 5,000. ಕುಡಿದು ಓಡಿಸಿದರೆ, ಆಂಬುಲೆನ್ಸಿಗೆ ದಾರಿ ಬಿಡದಿದ್ದರೆ 10,000.

ಇಲ್ಲಿಂದ ಜಗಳ ರುಚಿಕಟ್ಟಾಗುತ್ತದೆ. ಬೊಕ್ಕಸ ತುಂಬಿಸಲು ಇದನ್ನು ಮಾಡಿಲ್ಲ, ಜೀವ ಉಳಿಸಲು ಮಾಡಿದ್ದೇವೆ ಎಂದು ಗಡ್ಕರಿ ಹೇಳುತ್ತಲೇ ಬಂದರು. ಮುಂಬಯಿಯ ಬಾಂದ್ರಾ–ವರ್ಲಿ ಸೇತುವೆಯ ಮೇಲೆ ತಮ್ಮ ಕಾರು ವೇಗ ಮೀರಿದ್ದಕ್ಕೆ ತಾವೂ ದಂಡ ಕಟ್ಟಿದ್ದುಂಟು ಎಂದೂ ಹೇಳಿಕೊಂಡರು. ಪಶ್ಚಿಮ ಬಂಗಾಳ ಜಾರಿ ಮಾಡುವುದಿಲ್ಲ ಎಂದದ್ದರಲ್ಲಿ ಅಚ್ಚರಿಯೇನಿಲ್ಲ. ಆದರೆ ಮೊದಲು ಕತ್ತರಿ ಹಿಡಿದದ್ದು ಗಡ್ಕರಿಯವರದೇ ಪಕ್ಷದ ಗುಜರಾತ್! ಸೆಪ್ಟೆಂಬರ್ 10ರಂದು ಅಲ್ಲಿನ ಮುಖ್ಯಮಂತ್ರಿ ವಿಜಯ್ ರೂಪಾಣಿ ಹೆಲ್ಮೆಟ್ ದಂಡವನ್ನು ಐನೂರಕ್ಕೆ ಇಳಿಸಿದರು. ಮಾರನೆಯ ದಿನವೇ ಆಗಿನ ನಮ್ಮ ಮುಖ್ಯಮಂತ್ರಿ ಯಡಿಯೂರಪ್ಪನವರು ಗುಜರಾತಿನ ಆದೇಶದ ಪ್ರತಿ ತರಿಸಿ ಎಂದು ಅಧಿಕಾರಿಗಳಿಗೆ ಹೇಳಿಬಿಟ್ಟರು. ‘ಮೊದಲು ಗುಂಡಿ ಮುಚ್ಚಿ, ಆಮೇಲೆ ದಂಡ ಹಾಕಿ’ ಎಂದು ಜನ ಬೈಯುತ್ತಿದ್ದರು. ಆ ಬೈಗುಳಕ್ಕೆ ಉತ್ತರ ಯಾವ ಸರ್ಕಾರದ ಬಳಿಯೂ ಇರಲಿಲ್ಲ. ಗುಂಡಿ ಮುಚ್ಚುವುದಕ್ಕಿಂತ ದಂಡ ಇಳಿಸುವುದು ಸಲೀಸು.

ಇಳಿಸಲು ದಾರಿ ಕಾಯ್ದೆಯೊಳಗೇ ಇತ್ತು. ಕೋರ್ಟಿಗೆ ಹೋಗದೆ ಸ್ಥಳದಲ್ಲೇ ಕಟ್ಟಿ ಪ್ರಕರಣ ಮುಗಿಸಿಕೊಳ್ಳುವ ಮೊತ್ತವನ್ನು ರಾಜ್ಯಗಳೇ ನಿಗದಿ ಮಾಡಬಹುದು ಎನ್ನುತ್ತದೆ 200ನೇ ಕಲಮು. ದಂಡವನ್ನು ಹತ್ತು ಪಟ್ಟಿನವರೆಗೆ ಏರಿಸುವ ಅಧಿಕಾರವನ್ನೂ ಇದೇ ತಿದ್ದುಪಡಿ ರಾಜ್ಯಗಳಿಗೆ ಕೊಟ್ಟಿತ್ತು. ಅದರ ಸುದ್ದಿಗೆ ಯಾರೂ ಹೋಗಲಿಲ್ಲ. ಸೆಪ್ಟೆಂಬರ್ ಮುಗಿಯುವ ಮೊದಲು ಕರ್ನಾಟಕದ ಅಧಿಸೂಚನೆ ಬಂತು: ಹೆಲ್ಮೆಟ್ 500, ಸೀಟ್ ಬೆಲ್ಟ್ 500. ಕುಡುಕರ ಹತ್ತು ಸಾವಿರಕ್ಕೆ ಮಾತ್ರ ಕೈ ಹಚ್ಚಲಿಲ್ಲ.

ಪೂರಾ ಮೊತ್ತ ಹಾಗೇ ಉಳಿದಿದ್ದರೆ ಜನ ತಿದ್ದಿಕೊಳ್ಳುತ್ತಿದ್ದರೇ? ದೇಶದಲ್ಲಿ ರಸ್ತೆ ಅಪಘಾತಕ್ಕೆ 2018ರಲ್ಲಿ ಸತ್ತವರು 1,51,417. ದಂಡ ಏರಿದ 2019ರಲ್ಲಿ 1,51,113. ನಾಲ್ಕು ತಿಂಗಳ ಪರೀಕ್ಷೆಯಿಂದ ಏನನ್ನೂ ಸಾಧಿಸಿ ತೋರಿಸಲಾಗದು. ಮೊತ್ತವೊಂದೇ ಲೆಕ್ಕಕ್ಕೆ ಬರುವುದೂ ಇಲ್ಲ. ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ 1960ರ ದಶಕದಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಮೌಖಿಕ ಪರೀಕ್ಷೆ ನಡೆಸಲು ಹೊರಟು ತಡವಾಗಿ, ಕಾರನ್ನು ಕಾನೂನುಬಾಹಿರವಾಗಿ ಬೀದಿಯಲ್ಲೇ ನಿಲ್ಲಿಸಿದರು. ಸಿಕ್ಕಿಬೀಳುವ ಸಂಭವ ಎಷ್ಟು, ಬಿದ್ದರೆ ದಂಡ ಎಷ್ಟು ಎಂದು ಎರಡನ್ನೂ ತೂಗಿ ನೋಡಿದ್ದರಂತೆ. ಅಪರಾಧದ ಬಗೆಗಿನ ಅವರ ಹೆಸರಾಂತ ಸಿದ್ಧಾಂತ ಅಲ್ಲಿಂದ ಮೊಳೆಯಿತು. ಒನ್‌ವೇಯಲ್ಲಿ ಎದುರಿಗೆ ಬರುವ ನಮ್ಮ ಸ್ಕೂಟರ್ ಸವಾರ ಇದೇ ಲೆಕ್ಕವನ್ನು ಕಣ್ಣಲ್ಲೇ ಹಾಕುತ್ತಾನೆ: ಪೊಲೀಸರು ಇದ್ದಾರೋ, ಇಲ್ಲವೋ.

ಸಿಕ್ಕಿಬೀಳುವ ಸಂಭವ ನಿಜಕ್ಕೂ ಹೆಚ್ಚಿದ್ದು 2022ರ ಕೊನೆಗೆ. ಬೆಂಗಳೂರಿನ 50 ಜಂಕ್ಷನ್‌ಗಳಲ್ಲಿ ನಂಬರ್ ಪ್ಲೇಟ್ ಓದುವ ಕ್ಯಾಮೆರಾಗಳು ಕೂತವು. ಕೀಲಿ ಕಿತ್ತುಕೊಳ್ಳುವವರಿಲ್ಲ, ಚೌಕಾಸಿ ಇಲ್ಲ, ನೇರ ಮೊಬೈಲಿಗೆ ಮೆಸೇಜು. ಸರಿಯಾಗಿ ಅದೇ ಹೊತ್ತಿಗೆ, 2023ರ ಫೆಬ್ರುವರಿಯಲ್ಲಿ, ಬಾಕಿ ದಂಡಕ್ಕೆ ಶೇ 50 ರಿಯಾಯಿತಿ! ಲೋಕ ಅದಾಲತ್ ಎದುರಿಗಿತ್ತು, ಪ್ರಕರಣಗಳು ಬೆಟ್ಟದಷ್ಟು ಬಿದ್ದಿದ್ದವು, ನ್ಯಾಯಮೂರ್ತಿ ಬಿ. ವೀರಪ್ಪ ಅವರು ಕಾರ್ಯಾಧ್ಯಕ್ಷರಾಗಿದ್ದ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರದ ಸಲಹೆಯಂತೆ ಸರ್ಕಾರ ಆದೇಶ ಹೊರಡಿಸಿತು. ಹಿಂದಿನ ವರ್ಷ ತೆಲಂಗಾಣ ಬೈಕುಗಳಿಗೆ ಶೇ 75ರವರೆಗೂ ಬಿಟ್ಟುಕೊಟ್ಟಿತ್ತು. ಫೆಬ್ರುವರಿ 3ರಿಂದ 11ರವರೆಗೆ ಠಾಣೆಗಳ ಮುಂದೆ, ಬೆಂಗಳೂರು ಒನ್ ಕೇಂದ್ರಗಳ ಮುಂದೆ ಆಷಾಢದ ಸೀರೆ ಅಂಗಡಿಯ ನೂಕುನುಗ್ಗಲು. ಬೆಂಗಳೂರೊಂದರಲ್ಲೇ 120 ಕೋಟಿ ರೂಪಾಯಿ ದಾಟಿತು. ಸರ್ಕಾರಕ್ಕೆ ರುಚಿ ಹತ್ತಿತು. ಮಾರ್ಚ್‌ನಲ್ಲಿ ಮತ್ತೊಮ್ಮೆ, ಜುಲೈನಿಂದ ಮಗದೊಮ್ಮೆ.

ಸಿಗ್ನಲ್ ಹಾರಿದ ದಿನವೇ ತೆಪ್ಪಗೆ ಪೂರಾ ದಂಡ ಕಟ್ಟಿದವರ ಪಾಡು? ಅವರಿಗೆ ಒಂದು ಪೈಸೆಯೂ ವಾಪಸ್ ಬರಲಿಲ್ಲ. ಮರದ ಮರೆಯಲ್ಲಿ ಐವತ್ತಕ್ಕೆ ಇಳಿಯುತ್ತಿದ್ದ ಚೌಕಾಸಿಯೇ ಈಗ ಸರ್ಕಾರಿ ಮೊಹರಿನೊಂದಿಗೆ, ರಸೀದಿಯ ಸಮೇತ ನಡೆಯುತ್ತಿದೆ ಎಂದರೆ ಸಿಟ್ಟು ಮಾಡಿಕೊಳ್ಳಬೇಡಿ. ಅಳುಕು ಮಾತ್ರ ಮಾಯ.

2025ರಲ್ಲಿ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಇನ್ನೊಂದು ರಿಯಾಯಿತಿ. ಅದು ಮುಗಿದ ಮೇಲೆ, ನಮ್ಮ ಬೀದಿಗೆ ಪಾರ್ಸೆಲ್ ತರುವ ಹುಡುಗನನ್ನು ಬಾಕಿಯೆಲ್ಲ ಕಟ್ಟಿದೆಯೇನಪ್ಪಾ ಎಂದು ಕೇಳಿದೆ. ‘ಎಲ್ಲಿ ಸಾರ್, ಆಗ ಕೈಯಲ್ಲಿ ಕಾಸಿರಲಿಲ್ಲ. ಇನ್ನೊಂದ್ಸಲ ಬಿಡ್ತಾರಲ್ಲ, ಆಗ ಕಟ್ತೀನಿ’ ಎಂದ. ನವೆಂಬರ್ 21ಕ್ಕೆ ಬಿಟ್ಟರು.