ಕಾಲು ನೆಲ ಮುಟ್ಟಬೇಕು, ಗಾಡಿ ನೆಲ ಮುಟ್ಟಬಾರದು

ರಾಯದುರ್ಗದ ನನ್ನ ಗ್ಯಾರೇಜಿಗೆ ಮೊದಲೆಲ್ಲ ಬರುತ್ತಿದ್ದದ್ದು ಎಕ್ಸೆಲ್, ಸ್ಪ್ಲೆಂಡರ್, ಅಪರೂಪಕ್ಕೊಂದು ಬುಲೆಟ್. ಈಗ ಹಿಮಾಲಯನ್, ಯೆಜ್ಡಿ ಅಡ್ವೆಂಚರ್, ಕೆಟಿಎಂ ಅಡ್ವೆಂಚರ್ ಬರುತ್ತವೆ. ಬಳ್ಳಾರಿಯಲ್ಲಿ ಕೆಲಸ ಮಾಡುವವರು, ಬೆಂಗಳೂರಿನಿಂದ ರಜೆಗೆ ಊರಿಗೆ ಬರುವವರು, ವರ್ಷಕ್ಕೊಮ್ಮೆ ಲಡಾಖ್ ಕಡೆ ಹೊರಡುವವರು ಇವನ್ನು ಓಡಿಸುತ್ತಾರೆ. ಅವರಲ್ಲಿ ಹೆಣ್ಣುಮಕ್ಕಳೂ ಇದ್ದಾರೆ. ಬಹಳ ಮಂದಿ ಕೇಳುವುದು ಒಂದೇ: "ಅಣ್ಣಾ, ಇದರ ಹೈಟ್ ಸ್ವಲ್ಪ ಕಮ್ಮಿ ಮಾಡಿಕೊಡು."

ಕೇಳುವುದರಲ್ಲಿ ತಪ್ಪೇನಿಲ್ಲ. ನಮ್ಮ ದೇಶದ ವಯಸ್ಕ ಹೆಂಗಸರ ಸರಾಸರಿ ಎತ್ತರ ಸುಮಾರು 152 ಸೆಂ.ಮೀ., ಗಂಡಸರದ್ದು ಸುಮಾರು 165. ದೂರ ಪ್ರಯಾಣದ ಗಾಡಿಗಳ ಸೀಟು ಇರುವುದು ನೆಲದಿಂದ 80 ಸೆಂ.ಮೀ. ಮೇಲೆ. 2016ರಲ್ಲಿ ಬಂದ ಮೊದಲ, 411 ಸಿಸಿ ಹಿಮಾಲಯನ್ನಿನ ಸೀಟು 800 ಮಿ.ಮೀ., 2023ರ ಕೊನೆಗೆ ಬಂದ 450 ಸಿಸಿ ಹಿಮಾಲಯನ್ನಿನದು 825. ಎರಡೂ ಹತ್ತಿರಹತ್ತಿರ 200 ಕೆ.ಜಿ. ತೂಗುತ್ತವೆ. ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿ ರೋಡ್‌ಕಿಂಗ್ ಸುಮಾರು 140 ಕೆ.ಜಿ. ಇತ್ತು. ಅದು ಸ್ವಲ್ಪ ವಾಲಿದರೂ ತೋಳಿನ ಬಲದಲ್ಲಿ ಹಿಡಿದು ನಿಲ್ಲಿಸಬಹುದಿತ್ತು. ಈಗಿನ ಗಾಡಿಯಲ್ಲಿ ಪೆಟ್ರೋಲ್ ತುಂಬಿಸಿ, ಎರಡು ಕಡೆ ಪೆಟ್ಟಿಗೆ ಕಟ್ಟಿ, ಹಿಂದೆ ಒಬ್ಬರನ್ನು ಕೂರಿಸಿಕೊಂಡರೆ ಆ ಧೈರ್ಯ ಬರುವುದಿಲ್ಲ.

ಆದರೆ ಸವಾರರಿಗೆ ಒಂದು ವಿಷಯ ಮೊದಲು ತಿಳಿಯಬೇಕು. ಗಾಡಿ ನೆಟ್ಟಗೆ ನಿಂತಿರುವಾಗ ಅದರ 200 ಕೆ.ಜಿ.ಯನ್ನು ಹೊರುವುದು ಎರಡು ಚಕ್ರಗಳು. ನಮ್ಮ ಕೈಕಾಲಿಗೆ ಬರುವುದು ವಾಲಿದಾಗಿನ ಪಾಲು ಮಾತ್ರ. ಗಾಡಿಯ ತೂಕದ ಕೇಂದ್ರ ನೆಲದಿಂದ ಅರ್ಧ ಮೀಟರ್ ಮೇಲಿದೆ, ನಾವು ಹಿಡಿದಿರುವ ಹ್ಯಾಂಡಲ್ ಒಂದು ಮೀಟರ್ ಎತ್ತರದಲ್ಲಿದೆ ಎಂದುಕೊಳ್ಳಿ. ಗಾಡಿ 5 ಡಿಗ್ರಿ ವಾಲಿದರೆ ಹ್ಯಾಂಡಲ್ ಹತ್ತಿರ ನಾವು ತಡೆಯಬೇಕಾದದ್ದು ಸುಮಾರು 9 ಕೆ.ಜಿ. 15 ಡಿಗ್ರಿಗೆ 26, 30 ಡಿಗ್ರಿಗೆ 50 ಕೆ.ಜಿ. 9 ಕೆ.ಜಿ.ಯನ್ನು ಯಾರಾದರೂ ತಡೆದಾರು, 50 ಬಹಳ ಜನರಿಗೆ ಆಗದು. ಕಾಲಿಗೆ ಬೇಗ ನೆಲ ಸಿಕ್ಕಿದರೆ ಗಾಡಿ ಐದು ಡಿಗ್ರಿಯಲ್ಲೇ ನಿಲ್ಲುತ್ತದೆ. ತಡವಾಗಿ ಸಿಕ್ಕಿದರೆ ಹದಿನೈದು ದಾಟಿರುತ್ತದೆ. ಎತ್ತರ ತಗ್ಗಿಸುವ ಕೆಲಸವೆಲ್ಲ ಆ ಹತ್ತು ಡಿಗ್ರಿಯನ್ನು ಉಳಿಸಿಕೊಳ್ಳುವುದಕ್ಕೆ. ಎರಡೂ ಅಂಗಾಲು ಚಪ್ಪಟೆಯಾಗಿ ನೆಲಕ್ಕೆ ಕೂರಬೇಕೆಂಬ ಹಟ ಬೇಕಿಲ್ಲ. ಒಂದು ಕಾಲಿನ ಮುಂಗಾಲು ಗಟ್ಟಿಯಾಗಿ ಊರಿದರೆ ಸಾಕು.

ಮಡಕಶಿರಾ ಕಡೆಯ ಟೀಚರಮ್ಮ ಒಬ್ಬರು ನಮ್ಮೂರಿನಲ್ಲಿ ಕೆಲಸ ಮಾಡುತ್ತಾರೆ. ಎತ್ತರ ಐದಡಿ ಒಂದಂಗುಲ. ರಜೆ ಬಂದರೆ ತಮ್ಮ 411 ಸಿಸಿ ಹಿಮಾಲಯನ್ ಮೇಲೇ ಊರಿಗೆ ಹೋಗಬೇಕೆಂಬ ಆಸೆ ಅವರದು. ದಾರಿಯುದ್ದಕ್ಕೂ ಆಂಧ್ರ ಯಾವುದು, ಕರ್ನಾಟಕ ಯಾವುದು ಎಂದು ಬೋರ್ಡು ನೋಡಿಯೇ ತಿಳಿಯಬೇಕು. ಡಾಂಬರಿನ ಅಂಚಿನಿಂದ ಮಣ್ಣಿಗೆ ಗೇಣುದ್ದ ಇಳಿಜಾರು. ಎದುರಿಗೆ ಕಡಲೆಕಾಯಿ ಹೊಟ್ಟಿನ ಲಾರಿ ಬಂದರೆ ಅಂಚಿಗೆ ಸರಿದು ನಿಲ್ಲಬೇಕು. ಅವರ ಕಾಲಿಗೆ ನೆಲ ಸಿಗದೆ ಹೋಗುತ್ತಿದ್ದದ್ದು ಅಲ್ಲೇ.

"ಲಿಂಕ್ ಹಾಕಿ ಎರಡಿಂಚು ಇಳಿಸಿಬಿಡ್ತಾರಂತೆ, ಹಂಗೇ ಮಾಡಿಬಿಡು ಅಣ್ಣಾ" ಅಂದರು.

"ಮೊದಲು ನಿಮ್ಮನ್ನ ಅಳೀಬೇಕು ಟೀಚರಮ್ಮ, ಆಮೇಲೆ ಗಾಡಿ" ಅಂದೆ.

ಅಳೆಯುವುದು ಹೀಗೆ. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ರಟ್ಟಿನ ಪುಸ್ತಕವೊಂದನ್ನು ತೊಡೆಸಂದಿಗೆ ಮಟ್ಟಸವಾಗಿ ಹಿಡಿದು, ಅದರ ಮೇಲಂಚಿನಿಂದ ನೆಲಕ್ಕೆ ಟೇಪು ಹಿಡಿಯಬೇಕು. ಅವರು ಮನೆಯಲ್ಲಿ ಅಕ್ಕನ ಕೈಯಲ್ಲಿ ಅಳೆಸಿಕೊಂಡು ಬಂದರು: 71 ಸೆಂ.ಮೀ. ಸವಾರಿಯಲ್ಲಿ ಲೆಕ್ಕಕ್ಕೆ ಬರುವುದು ಈ ಕಾಲಿನ ಅಳತೆ, ತಲೆಯವರೆಗಿನ ಎತ್ತರವಲ್ಲ. ಒಂದೇ ಎತ್ತರದ ಇಬ್ಬರ ಕಾಲಿನಲ್ಲಿ ಎರಡು ಮೂರು ಸೆಂ.ಮೀ. ವ್ಯತ್ಯಾಸ ಇರುವುದುಂಟು.

ಮೊದಲ ಉಪಾಯ ಕಾಲಿನಲ್ಲೇ ಇದೆ. ದಪ್ಪ ಅಟ್ಟೆಯ ಸವಾರಿ ಬೂಟು ಎರಡು ಸೆಂ.ಮೀ.ಗಿಂತ ಹೆಚ್ಚು ಕೊಡುತ್ತದೆ, ಮೊಣಕಾಲ ಗಂಟಿನ ಕೆಳಗೆ ಮೂಳೆಗೂ ರಕ್ಷಣೆ. ಚಪ್ಪಲಿಯಲ್ಲಿ ಗಾಡಿ ಓಡಿಸುವುದು ನಮ್ಮ ಕಡೆ ರೂಢಿ. 200 ಕೆ.ಜಿ. ಗಾಡಿಗೆ ಅದು ಒಗ್ಗುವುದಿಲ್ಲ.

ಎರಡನೆಯದು ಸೀಟು. ಇಲ್ಲಿ ಎಲ್ಲರೂ ಎತ್ತರವನ್ನೇ ನೋಡುತ್ತಾರೆ, ಅಗಲವನ್ನು ಮರೆಯುತ್ತಾರೆ. ಅಗಲ ಸೀಟಿನ ಮೇಲೆ ತೊಡೆ ಹೊರಕ್ಕೆ ಬಾಗಿ ಆಮೇಲೆ ಕೆಳಗಿಳಿಯಬೇಕು, ಆ ಬಳಸುದಾರಿಯಲ್ಲೇ ಕಾಲಿನ ಉದ್ದ ಖರ್ಚಾಗುತ್ತದೆ. ಸೀಟಿನ ಮುಂಭಾಗ, ಟ್ಯಾಂಕಿಗೆ ತಾಗುವ ಕಡೆ, ಎರಡೂ ಅಂಚನ್ನು ಕೆತ್ತಿ ಸಣ್ಣದು ಮಾಡಿದರೆ ಎತ್ತರ ಮುಟ್ಟದೆಯೇ ಕಾಲು ಕೆಳಗಿಳಿಯುತ್ತದೆ. ರಾಯದುರ್ಗ ಜೀನ್ಸ್ ಹೊಲಿಯುವ ಊರು, ದಪ್ಪ ಬಟ್ಟೆ, ರೆಕ್ಸಿನ್ ಹೊಲಿಯುವ ಕೈಗಳಿಗೆ ಕೊರತೆಯಿಲ್ಲ. ಟೀಚರಮ್ಮನ ಸೀಟಿನ ಹೊದಿಕೆ ಬಿಚ್ಚಿ, ಅವರನ್ನು ಫೋಮಿನ ಮೇಲೆ ಕೂರಿಸಿ, ತೊಡೆ ತಾಗುವ ಜಾಗಕ್ಕೆ ಸ್ಕೆಚ್ ಪೆನ್ನಿನಿಂದ ಗೆರೆ ಹಾಕಿದೆವು. ಅಂಚನ್ನು ಕೆತ್ತಿ, ಕೂರುವ ಕಡೆ 20 ಮಿ.ಮೀ. ತೆಗೆದು, ಮೇಲೆ ಗಟ್ಟಿ ಫೋಮಿನ ತೆಳು ಪದರ ಅಂಟಿಸಿ ಹೊಲಿಸಿದೆವು. ಇದಕ್ಕಿಂತ ಹೆಚ್ಚು ತೆಗೆದರೆ ಕೆಳಗಿನ ಪ್ಲಾಸ್ಟಿಕ್ ತಟ್ಟೆ ಚುಚ್ಚತೊಡಗುತ್ತದೆ. ಬಳ್ಳಾರಿಗೆ ಹೋಗಿ ಬರುವಾಗ ಗೊತ್ತಾಗದ್ದು ಬೆಂಗಳೂರು ಮುಟ್ಟುವಷ್ಟರಲ್ಲಿ ಸೊಂಟಕ್ಕೆ ಗೊತ್ತಾಗುತ್ತದೆ. ಸೀಟು ಇಳಿದಷ್ಟೂ ಫುಟ್‌ರೆಸ್ಟಿಗೆ ಹತ್ತಿರವಾಗಿ ಮೊಣಕಾಲು ಹೆಚ್ಚು ಮಡಿಯುತ್ತದೆ, ಅದನ್ನೂ ನೋಡಬೇಕು. ಕಂಪನಿಯೇ ತಗ್ಗು ಸೀಟು ಕೊಡುವುದಾದರೆ ಅದೇ ಒಳ್ಳೆಯದು. 450 ಹಿಮಾಲಯನ್ನಿಗೆ 805 ಮಿ.ಮೀ.ಗೆ ಇಳಿಸುವ ಸೀಟು ಕಂಪನಿಯಿಂದಲೇ ಸಿಗುತ್ತದೆ.

ಮೂರನೆಯದು ಸ್ಪ್ರಿಂಗಿನ ಬಿಗಿ. ಸವಾರ ಕೂತಾಗ ಗಾಡಿ ತುಸು ಕುಸಿಯಬೇಕು. ಒಟ್ಟು ಸಸ್ಪೆನ್ಷನ್ ಓಟದ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಕುಸಿದರೆ ಸರಿ. 411ರ ಹಿಂಚಕ್ರಕ್ಕೆ 180 ಮಿ.ಮೀ. ಓಟ, ಹಾಗಾಗಿ ಕುಸಿತ 45ರಿಂದ 60 ಇರಬೇಕು. ಸೆಂಟರ್ ಸ್ಟ್ಯಾಂಡ್ ಹಾಕಿ, ಹಿಂಚಕ್ರ ತೂಗಾಡುವಾಗ ಆಕ್ಸಲ್‌ನಿಂದ ಮೇಲಿನ ಒಂದು ಬೋಲ್ಟಿಗೆ ಅಳೆದುಕೊಂಡೆ. ಆಮೇಲೆ ಸ್ಟ್ಯಾಂಡ್ ಇಳಿಸಿ, ಟೀಚರಮ್ಮ ಬೂಟು ಹೆಲ್ಮೆಟ್ ಸಮೇತ ಕೂತಾಗ ಅಳೆದೆ. ವ್ಯತ್ಯಾಸ 35 ಮಾತ್ರ. ಸ್ಪ್ರಿಂಗಿನ ಬಿಗಿ ಅವರಿಗಿಂತ ಬಹಳ ತೂಕದವರಿಗೆ ಇಟ್ಟಂತಿತ್ತು, 50 ಕೆ.ಜಿ.ಯ ಸವಾರರನ್ನು ಅದು ಮೇಲಕ್ಕೇ ಎತ್ತಿ ಹಿಡಿದಿತ್ತು. ಸಿ ಸ್ಪ್ಯಾನರ್ ಹಾಕಿ ಕಾಲರ್ ಸಡಿಲಿಸಿ 50ಕ್ಕೆ ತಂದೆ. ಏನನ್ನೂ ಕತ್ತರಿಸದೆ ಹಿಂಭಾಗ 15 ಮಿ.ಮೀ. ಇಳಿಯಿತು, ಗುಂಡಿ ಹಾರುವಾಗಿನ ಹೊಡೆತವೂ ಮೃದುವಾಯಿತು. ಇದನ್ನು ಅತಿ ಮಾಡಬಾರದು. ಕುಸಿತ 60 ದಾಟಿದರೆ ಗುಂಡಿಗೆಂದು ಇಟ್ಟ ಓಟವನ್ನು ಕೂತಲ್ಲೇ ತಿಂದಂತೆ. ಹಿಂದೆ ಯಾರಾದರೂ ಕೂರುವ ದಿನ ಬಿಗಿಯನ್ನು ಮತ್ತೆ ಏರಿಸಲೇಬೇಕು.

ಟೀಚರಮ್ಮನಿಗೆ ಇಷ್ಟೇ ಸಾಕಾಯಿತು. ಎರಡೂ ಕಾಲಿನ ಬೆರಳು ನೆಲ ಮುಟ್ಟಿದವು. ಸೊಂಟ ತುಸು ಎಡಕ್ಕೆ ಸರಿಸಿದರೆ ಎಡ ಮುಂಗಾಲು ಗಟ್ಟಿಯಾಗಿ ಊರಿತು. ಲಿಂಕ್ ಬೇಕಾಗಲಿಲ್ಲ.

ಲಿಂಕಿನ ಕೆಲಸವನ್ನು ನಾನು ಕೊನೆಗೆ ಇಡಲು ಕಾರಣವಿದೆ. ಹಿಂದೆ ಒಂದೇ ಶಾಕ್ ಇರುವ ಹಲವು ಗಾಡಿಗಳಲ್ಲಿ ಶಾಕಿಗೂ ಸ್ವಿಂಗ್ ಆರ್ಮಿಗೂ ನಡುವೆ ಲಿಂಕ್ ಎಂಬ ಜೋಡಿ ಪಟ್ಟಿಗಳಿರುತ್ತವೆ. ಅವುಗಳ ಅಳತೆ ಬದಲಿಸಿದರೆ ಗಾಡಿಯ ಹಿಂಭಾಗ ಕೆಳಗೆ ಕೂರುತ್ತದೆ. ಆದರೆ ಶಾಕಿನ ಓಟ ಮೊದಲಿನಷ್ಟೇ ಉಳಿದಿರುತ್ತದೆ. ಶಾಕ್ ಪೂರ್ತಿ ಒತ್ತಿದಾಗ ಚಕ್ರ ಮೊದಲಿಗಿಂತ ಮೇಲಕ್ಕೆ, ಮಡ್‌ಗಾರ್ಡಿನ ಒಳಮೈವರೆಗೂ ಹೋಗಿಬಿಡುತ್ತದೆ. ಬೇರೆಲ್ಲೋ ಎರಡು ಇಂಚು ಇಳಿಸಿಕೊಂಡು ನಮ್ಮಲ್ಲಿಗೆ ಬಂದ ಗಾಡಿಯೊಂದರ ಟೈರಿನ ನಡುವೆ ಉಜ್ಜಿದ ಪಟ್ಟೆಯೇ ಬಿದ್ದಿತ್ತು. ಹೆಂಡತಿಯನ್ನು ಕೂರಿಸಿಕೊಂಡು ಹೋಗುವಾಗ ಹಂಪ್ ಹಾರಿದಾಗಲೆಲ್ಲ ಟೈರು ಒಳಗೆ ತಾಗುತ್ತಿತ್ತು. ಮುಂಭಾಗವನ್ನು ಮುಟ್ಟದೆ ಹಿಂದಷ್ಟೇ ಇಳಿಸಿದ್ದರಿಂದ ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತಿತ್ತು, ತಿರುವಿನಲ್ಲಿ ಹ್ಯಾಂಡಲ್ ಭಾರವಾಗಿ ಗಾಡಿ ಹೊರಕ್ಕೆ ಎಳೆಯುತ್ತಿತ್ತು.

ಹಿಂದೆ ಎಷ್ಟು ಇಳಿಸಿದರೆ ಮುಂದೆಯೂ ಹೆಚ್ಚುಕಡಿಮೆ ಅಷ್ಟೇ ಇಳಿಸಬೇಕು. ಹ್ಯಾಂಡಲ್ ಕೆಳಗಿನ ಕ್ಲ್ಯಾಂಪುಗಳನ್ನು ಸಡಿಲಿಸಿ, ಫೋರ್ಕಿನ ಕೊಳವೆಗಳನ್ನು ಮೇಲಕ್ಕೆ ಸರಿಸುವುದು ಇದರ ವಿಧಾನ. ಎರಡು ಕೊಳವೆಯೂ ವರ್ನಿಯರ್‌ನಲ್ಲಿ ಒಂದೇ ಅಳತೆಗೆ ಬರಬೇಕು, ಬೋಲ್ಟುಗಳನ್ನು ಟಾರ್ಕ್ ವ್ರೆಂಚಿನಲ್ಲೇ ಬಿಗಿಯಬೇಕು. ಫೋರ್ಕು ಪೂರ್ತಿ ಒತ್ತಿದಾಗ ಮುಂಚಕ್ರ ಮೇಲೆ ಎಲ್ಲಿಯೂ ತಾಗಬಾರದು. ಫೋರ್ಕಿನ ರಬ್ಬರ್ ತೋಳನ್ನು ಸರಿಸಿ ಕೊಳವೆಗೊಂದು ಝಿಪ್ ಟೈ ಕಟ್ಟಿ, ಕೆಟ್ಟ ರಸ್ತೆಯಲ್ಲಿ ಓಡಿಸಿ ಬಂದರೆ ಅದು ಎಲ್ಲಿಯವರೆಗೆ ಸರಿದಿದೆ ನೋಡಿ ಒತ್ತಿದ ಓಟವನ್ನು ಅಳೆಯಬಹುದು. ಇದಕ್ಕಿಂತ ಒಳ್ಳೆಯ ದಾರಿ ಶಾಕ್ ಮತ್ತು ಫೋರ್ಕ್ ಬಿಚ್ಚಿ, ಒಳಗೆ ಸ್ಪೇಸರ್ ಹಾಕಿ ಅವು ಪೂರ್ತಿ ಚಾಚದಂತೆ ಮಾಡುವುದು. ಆಗ ಓಟ ಕಡಿಮೆಯಾಗುತ್ತದೆ, ಆದರೆ ಒತ್ತಿದಾಗ ಚಕ್ರ ಕಂಪನಿ ಇಟ್ಟ ಮಿತಿಯಲ್ಲೇ ನಿಲ್ಲುತ್ತದೆ. ಅದು ಸಸ್ಪೆನ್ಷನ್ ಬಲ್ಲವರ ಕೆಲಸ. ಬೆಂಗಳೂರಿನಂಥ ಊರಿಗೆ ಕಳಿಸಬೇಕಾಗುತ್ತದೆ.

ಗಾಡಿ ಇಳಿದ ಮೇಲೆ ಸೈಡ್ ಸ್ಟ್ಯಾಂಡ್ ಉದ್ದವಾಗಿ ಉಳಿಯುತ್ತದೆ. ಗಾಡಿ ನೆಟ್ಟಗೆ ನಿಂತು, ಗಾಳಿಗೋ ಯಾರದೋ ಮೈ ತಾಗಿಯೋ ಬಲಕ್ಕೆ ಬಿದ್ದುಬಿಡುತ್ತದೆ. ಎಷ್ಟು ಕತ್ತರಿಸಬೇಕೆಂದು ಊಹಿಸಬೇಕಿಲ್ಲ. ಎರಡೂ ಚಕ್ರದ ಕೆಳಗೆ ಒಂದೇ ದಪ್ಪದ ಹಲಗೆ ಇಡುತ್ತ ಹೋಗಿ. ಮೊದಲಿನ ವಾಲು ಬಂದಾಗ ಹಲಗೆಯ ದಪ್ಪವೇ ಕತ್ತರಿಸಬೇಕಾದ ಅಳತೆ. ಸೆಂಟರ್ ಸ್ಟ್ಯಾಂಡ್ ಎಳೆಯುವುದೂ ಕಷ್ಟವಾಗುತ್ತದೆ, ಹಿಂಚಕ್ರವನ್ನು ಮೊದಲಿಗಿಂತ ಹೆಚ್ಚು ಎತ್ತಬೇಕಲ್ಲ. ಚೈನಿನ ಸಡಿಲ, ಹೆಡ್‌ಲೈಟಿನ ನೋಟ, ಬ್ರೇಕ್ ಹೋಸಿನ ಎಳೆತ, ಮೂರನ್ನೂ ಮತ್ತೆ ನೋಡಬೇಕು. ಎಂಜಿನ್ ಕೆಳಗಿನ ತಟ್ಟೆ ನೆಲಕ್ಕೆ ಹತ್ತಿರವಾಗಿರುತ್ತದೆ. ಹಗರಿ ಹೊಳೆಯ ಮರಳಿನಲ್ಲಿ, ಬೆಟ್ಟದ ಕಲ್ಲುದಾರಿಯಲ್ಲಿ ಅದರ ಬೆಲೆ ತಿಳಿಯುತ್ತದೆ. 411ಕ್ಕೆ ನೆಲದಿಂದ 220 ಮಿ.ಮೀ. ಅಂತರ ಕೊಟ್ಟಿರುವುದೇ ಇಂಥ ದಾರಿಗೆ. ನಾನು 25 ಮಿ.ಮೀ.ಗಿಂತ ಹೆಚ್ಚು ಇಳಿಸುವುದಿಲ್ಲ.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ನೋಂದಣಿ ಪುಸ್ತಕದಲ್ಲಿರುವ ವಿವರಗಳು ಕಂಪನಿಯ ಮೂಲ ಅಳತೆಗಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಿಸುವ ಹಾಗಿಲ್ಲ. 2019ರ ತಿದ್ದುಪಡಿ ಅನುಮತಿಯಿಲ್ಲದ ಮಾರ್ಪಾಡೊಂದಕ್ಕೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡನ್ನೂ ವಿಧಿಸಬಹುದೆಂದು ಹೇಳುತ್ತದೆ. ಬೂಟಿಗೆ, ಕಂಪನಿಯ ತಗ್ಗು ಸೀಟಿಗೆ, ಕಂಪನಿಯೇ ತಿರುಗಿಸಲು ಬಿಟ್ಟ ಕಾಲರಿಗೆ ಈ ಭಯವಿಲ್ಲ. ಲಿಂಕ್ ಹಾಕಿಸುವವರು ಮೊದಲೇ ಆರ್‌ಟಿಒ ಕಚೇರಿಯಲ್ಲೂ ವಿಮೆಯವರಲ್ಲೂ ಕೇಳಿ ಮುಂದುವರಿಯಲಿ.

ಕಂಪನಿಗಳು ಈ ಕಷ್ಟವನ್ನು ಒಪ್ಪಿಕೊಳ್ಳತೊಡಗಿವೆ. ಹಾರ್ಲೆಯ ಪ್ಯಾನ್ ಅಮೆರಿಕ 2021ರಲ್ಲೇ ನಿಂತಾಗ ತಾನೇ ತಗ್ಗುವ ವ್ಯವಸ್ಥೆ ತಂದಿತು. ಬಿಎಂಡಬ್ಲ್ಯು ಆರ್ 1300 ಜಿಎಸ್‌ನಲ್ಲಿ ಬೇಕೆಂದವರಿಗೆ ಸೀಟನ್ನು 850ರಿಂದ 820ಕ್ಕೆ ಇಳಿಸುವ ಏರ್ಪಾಡಿದೆ. ಓಡುವಾಗ ಗಾಡಿ ಮತ್ತೆ ಮೇಲೇಳುತ್ತದೆ. ಓಡುವಾಗ ಎತ್ತರ, ನಿಂತಾಗ ತಗ್ಗು: ಆದರ್ಶ ಇದೇ. ದುಬಾರಿ ಗಾಡಿಗಳ ಈ ಸೌಕರ್ಯ ನಮ್ಮ ಗಾಡಿಗಳಿಗೆ ಬರುವವರೆಗೆ ಮಿಕ್ಕ ಸೆಂಟಿಮೀಟರುಗಳನ್ನು ಅಭ್ಯಾಸದಿಂದ ಗಳಿಸಬೇಕು.

ಆ ಅಭ್ಯಾಸ ದೊಡ್ಡದೇನಲ್ಲ. ನಿಲ್ಲಿಸುವಾಗ ಹ್ಯಾಂಡಲ್ ನೇರವಿರಲಿ. ಕೊನೆಯ ಗಳಿಗೆಯಲ್ಲಿ ಮುಂದಿನ ಬ್ರೇಕ್ ಕಿವುಚದೆ ಬಲಗಾಲಿನಿಂದ ಹಿಂದಿನ ಬ್ರೇಕ್ ಒತ್ತಿ, ಸೊಂಟ ಎಡಕ್ಕೆ ಜಾರಿಸಿ ಎಡಗಾಲು ಊರಿ. ನಿಲ್ಲುವ ಮೊದಲೇ ಎಡಗಡೆ ನೆಲ ಎತ್ತರವಿದೆಯೋ ತಗ್ಗಿದೆಯೋ ನೋಡಿ. ಮುಂದಿನ ಚಕ್ರ ತಗ್ಗಿಗೆ ಹೋಗುವಂತೆ ನಿಲ್ಲಿಸಿದರೆ ಹಿಂದಕ್ಕೆ ತಳ್ಳಿ ತೆಗೆಯಲಾಗುವುದಿಲ್ಲ. ರ್‍ಯಾಲಿ ಗಾಡಿಗಳ ಸೀಟು 90 ಸೆಂ.ಮೀ. ದಾಟಿರುತ್ತದೆ, ಅಲ್ಲಿ ಎರಡೂ ಪಾದ ಊರುವವರು ಬಹಳ ಕಡಿಮೆ. ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಬಾಹಾ ರ್‍ಯಾಲಿ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದದ್ದು ಮರಳು ಕಲ್ಲಿನ ದಾರಿಗಳಲ್ಲೇ.

ಗಾಡಿ ಬಿದ್ದರೆ ಎತ್ತುವುದನ್ನೂ ಕಲಿಯಬೇಕು. ಎಂಜಿನ್ ಆರಿಸಿ. ಬಲಕ್ಕೆ ಬಿದ್ದಿದ್ದರೆ ಸೈಡ್ ಸ್ಟ್ಯಾಂಡನ್ನು ಮೊದಲೇ ಹೊರಕ್ಕೆ ಚಾಚಿಡಿ. ಸೀಟಿಗೆ ಬೆನ್ನು ಮಾಡಿ ಕುಕ್ಕರಗಾಲಲ್ಲಿ ಕೂತು, ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಹಿಂದಿನ ಹಿಡಿ ಹಿಡಿದು, ಬೆನ್ನು ನೇರವಿಟ್ಟು ಪುಟ್ಟ ಹೆಜ್ಜೆಯಲ್ಲಿ ಹಿಂದಕ್ಕೆ ಒತ್ತುತ್ತ ಏಳಿ. ಎತ್ತುವುದು ತೊಡೆಯ ಬಲ, ಸೊಂಟದ್ದಲ್ಲ. ನಮ್ಮ ಗ್ಯಾರೇಜಿನ ಹಿಂದಿನ ಮಣ್ಣಿನಲ್ಲಿ ಹಳೆಯ ಗೋಣಿಚೀಲ ಹಾಸಿ ಗಾಡಿ ಮಲಗಿಸಿ ಟೀಚರಮ್ಮನಿಂದಲೇ ಎತ್ತಿಸಿದೆ. ಎತ್ತಲು ಬಂದ ಮೇಲೆ ಬೀಳುವ ಭಯ ಅರ್ಧ ಹೋಯಿತು ಎಂದರು. ಅದರಿಂದಾಗಿ ನಿಲ್ಲಿಸುವಾಗಿನ ಗಾಬರಿಯೂ ಇಳಿಯಿತು.

"ನಿಮ್ಮ ಎತ್ತರಕ್ಕೆ ಈ ಗಾಡಿ ಆಗಲ್ಲ" ಎಂದು ಹೇಳಿಸಿಕೊಂಡು ನನ್ನ ಹತ್ತಿರ ಬರುವವರಿಗೆ ನಾನು ಮೊದಲು ಟೇಪು ತೋರಿಸುತ್ತೇನೆ. ಬೂಟು, ಸೀಟು, ಸ್ಪ್ರಿಂಗಿನ ಬಿಗಿ, ಅಭ್ಯಾಸ, ಕೊನೆಗೆ ಬೇಕೇಬೇಕಾದರೆ ಲಿಂಕ್. ಈ ಕ್ರಮ ತಪ್ಪಿಸಬೇಡಿ ಎಂದು ಸವಾರರಿಗೂ ನನ್ನ ಕಸುಬಿನ ಅಣ್ಣತಮ್ಮಂದಿರಿಗೂ ಕೇಳಿಕೊಳ್ಳುತ್ತೇನೆ. ಹೆಜ್ಜೆಗೊಮ್ಮೆ ಕೂರಿಸಿ ಅಳೆಯಿರಿ, ಸಾಕೆನಿಸಿದಲ್ಲಿ ನಿಲ್ಲಿಸಿ, ಬಿಚ್ಚಿದ ಮೂಲ ಸಾಮಾನನ್ನು ಚೀಲಕ್ಕೆ ಹಾಕಿ ಮಾಲೀಕರ ಕೈಗೇ ಕೊಡಿ. ಹೀಗೆ ಮಾಡಿದರೆ ಐದಡಿಯವರೂ ಈ ಗಾಡಿಯನ್ನು ನೆಮ್ಮದಿಯಾಗಿ ಓಡಿಸಬಲ್ಲರು.