ಜೀಪಿನ ಅಡಿಯ ತುಕ್ಕು: ಬಾಡಿ ಮೌಂಟುಗಳ ದುರಸ್ತಿ



ತುಕ್ಕು ಎಂದೊಡನೆ ಕಾಫಿ ಬೆಳೆಗಾರರಾದ ನಮಗೆ ನೆನಪಾಗುವುದು ಎಲೆ ತುಕ್ಕು ರೋಗ. ಎಲೆಯ ಹಿಂಬದಿಯಲ್ಲಿ ಕಿತ್ತಳೆ ಬಣ್ಣದ ಪುಡಿ ಕಂಡ ಕೂಡಲೇ ಸಿಂಪರಣೆಗೆ ಓಡುತ್ತೇವೆ. ಆದರೆ ಸಿಂಪರಣೆಯ ಸಾಮಾನು ಹೊತ್ತು ತರುವ ಜೀಪಿನ ಅಡಿಗೆ ಬಗ್ಗಿ ನೋಡುವವರು ನಮ್ಮಲ್ಲಿ ಕಡಿಮೆ. ನಾವೂ ನೋಡಿರಲಿಲ್ಲ. ಸಂಘದ ಹಳೆಯ ಜೀಪು ಒಮ್ಮೆ ಘಾಟಿ ಇಳಿಯುವಾಗ ಚಾಲಕ ಜೋರಾಗಿ ಬ್ರೇಕು ಹಿಡಿದ. ಇಡೀ ಬಾಡಿ ಎರಡು ಬೆರಳಷ್ಟು ಮುಂದಕ್ಕೆ ಜಾರಿತು. ಹಿಂದೆ ಆರು ಮಂದಿ ಕೆಲಸದವರು ಕುಳಿತಿದ್ದರು. ಯಾರಿಗೂ ಪೆಟ್ಟಾಗಲಿಲ್ಲವೆಂಬುದು ನಮ್ಮ ಪುಣ್ಯ. ಕೆಳಗೆ ಇಳಿದು ನೋಡಿದರೆ ಹಿಂಭಾಗದ ನಾಲ್ಕೂ ಮೌಂಟುಗಳು ಹಪ್ಪಳದಂತಾಗಿದ್ದವು. ಹಿಂದಿನ ವರ್ಷವಷ್ಟೇ ವರ್ಕ್‌ಷಾಪಿನವರು ಅವುಗಳಿಗೆ ದಪ್ಪಗೆ ಟಾರು ಬಳಿದು ಕೊಟ್ಟಿದ್ದರು. ಆದ್ದರಿಂದ ಈ ವಿಷಯವನ್ನು ಕೊಂಚ ವಿವರವಾಗಿ ಬರೆಯಬೇಕೆನಿಸಿತು.

ಮೌಂಟಿನ ಕೆಲಸವೇನು?

ಅಮೆರಿಕದ ವಿಲ್ಲೀಸ್ ಸಂಸ್ಥೆ 1953ರಲ್ಲಿ ತಂದ ಸಿಜೆ-3ಬಿ ಮಾದರಿಯನ್ನೇ ಮಹೀಂದ್ರ ಸಂಸ್ಥೆ ಪರವಾನಗಿ ಪಡೆದು ನಮ್ಮಲ್ಲಿ ತಯಾರಿಸಿತು. ಮಲೆನಾಡಿನ ತೋಟಗಳಲ್ಲಿ ಇಂದಿಗೂ ಓಡುವ ಅನೇಕ ಹಳೆಯ ಜೀಪುಗಳು ಇದೇ ವಂಶದವು. ಇವುಗಳಲ್ಲಿ ಚಾಸಿ ಬೇರೆ, ಬಾಡಿ ಬೇರೆ. ಏಣಿಯಂತಿರುವ ಚಾಸಿಯ ಮೇಲೆ ಬಾಡಿಯನ್ನು ಇರಿಸಿ, ನಡುವೆ ರಬ್ಬರ್ ಪ್ಯಾಡು ಕೊಟ್ಟು, ಬೋಲ್ಟು ಬಿಗಿದಿರುತ್ತಾರೆ. ಬಾಡಿಯ ಅಡಿಯ ಚಾನಲ್ಲು, ಚಾಸಿಯ ಬ್ರಾಕೆಟ್ಟು, ಪ್ಯಾಡು ಮತ್ತು ಬೋಲ್ಟು ಸೇರಿ ಒಂದು ಮೌಂಟು. ಬ್ರೇಕು ಹಿಡಿದಾಗ ನಿಲ್ಲುವುದು ಚಕ್ರ ಮತ್ತು ಚಾಸಿ. ಬಾಡಿಯನ್ನೂ ಅದರೊಳಗಿನ ಜನರನ್ನೂ ತಡೆದು ನಿಲ್ಲಿಸಲು ಇರುವುದು ಈ ಮೌಂಟುಗಳು ಮಾತ್ರ. ಹಾಗಾಗಿ ಇಲ್ಲಿಯ ತುಕ್ಕು ಗಾಡಿಯ ಅಂದದ ಪ್ರಶ್ನೆಯಲ್ಲ.

ಹೊರಮೈ ಚೆನ್ನಾಗಿದೆಯೆಂದು ಮೋಸಹೋಗಬಾರದು. ಅಮೆರಿಕದ ಕಾರ್ವೆಟ್ ಎಂಬ ಸ್ಪೋರ್ಟ್ಸ್ ಕಾರಿನ ಮೈ 1953ರ ಮೊದಲ ಗಾಡಿಯಿಂದಲೂ ಫೈಬರ್ ಗ್ಲಾಸಿನದು, ಅದಕ್ಕೆ ತುಕ್ಕೆಂಬುದಿಲ್ಲ. ಆದರೂ ಹಳೆಯ ಕಾರ್ವೆಟ್ಟುಗಳಲ್ಲಿ ಬಾಡಿ ಹಿಡಿದಿಡುವ ಉಕ್ಕಿನ ಭಾಗಗಳು ತುಕ್ಕು ತಿಂದಿರುವುದುಂಟು.

ತುಕ್ಕು ಇಲ್ಲಿಯೇ ಏಕೆ?

ಎರಡು ತಗಡುಗಳ ಸಂದಿಗೆ ಹೋದ ನೀರು ಬೇಗ ಆರುವುದಿಲ್ಲ. ಕೆಸರು ಮೆತ್ತಿಕೊಂಡರೆ ವಾರಗಟ್ಟಲೆ ತೇವ ನಿಲ್ಲುತ್ತದೆ. ತುಕ್ಕಿಗೆ ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಕು. ಅದು ಉಬ್ಬಿ ತಗಡುಗಳನ್ನು ಬಿಡಿಸುತ್ತದೆ, ಆ ಬಿರುಕಿಗೆ ಮತ್ತೆ ನೀರು ಸೇರುತ್ತದೆ.

ಇದಕ್ಕೆ ನಮ್ಮ ಕೊಡುಗೆಯೂ ಇದೆ. ಬೋರ್ಡೋ ದ್ರಾವಣಕ್ಕೆ ಕಬ್ಬಿಣದ ಚಾಕು ಅದ್ದಿ ಪರೀಕ್ಷಿಸುವುದು ನಮಗೆಲ್ಲ ರೂಢಿ. ಸುಣ್ಣ ಸಾಲದಿದ್ದರೆ ಚಾಕಿನ ಮೇಲೆ ಕೆಂಪಗೆ ತಾಮ್ರ ಕೂರುತ್ತದೆ. ತಾಮ್ರ ಕೂರಬೇಕಾದರೆ ಅಷ್ಟು ಕಬ್ಬಿಣ ಕರಗಿರಬೇಕು. ಮೈಲುತುತ್ತದ ನೀರು ಜೀಪಿನ ನೆಲಕ್ಕೆ ಚೆಲ್ಲಿದಾಗ ಆಗುವುದೂ ಇದೇ. ಪೊಟ್ಯಾಷ್ ಗೊಬ್ಬರವೂ ಒಂದು ಬಗೆಯ ಕ್ಲೋರೈಡ್ ಲವಣ. ಹರಿದ ಚೀಲದಿಂದ ಉದುರಿದ ಪುಡಿ ಮಳೆನೀರಿನಲ್ಲಿ ಕರಗಿ ಸಂದಿಗೆ ಇಳಿದರೆ, ಸಮುದ್ರ ತೀರದ ಉಪ್ಪಿನಂತೆಯೇ ಕಬ್ಬಿಣವನ್ನು ತಿನ್ನುತ್ತದೆ.

ಪರೀಕ್ಷೆ ಹೇಗೆ?

ನೆಲದ ಮ್ಯಾಟು ತೆಗೆದು, ಅಡಿಯನ್ನು ತೊಳೆದು ಒಣಗಿಸಿ. ಪ್ರತಿ ಮೌಂಟಿನ ಸುತ್ತ ಸಣ್ಣ ಸುತ್ತಿಗೆಯಿಂದ ತಟ್ಟಿರಿ. ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ, ಕೊಳೆತದ್ದು ಬೊದ್ದು ಸದ್ದು ಕೊಡುತ್ತದೆ. ಅನುಮಾನವಿದ್ದಲ್ಲಿ ಸ್ಕ್ರೂಡ್ರೈವರಿನಿಂದ ಒತ್ತಿ ನೋಡಿ. ಟಾರು ಬಳಿದಿದ್ದರೆ ಕೆರೆದೇ ನೋಡಬೇಕು. ತುಕ್ಕು ಮೇಲ್ಪದರದಲ್ಲಷ್ಟೇ ಇದ್ದರೆ ಉಜ್ಜಿ ಬಣ್ಣ ಬಳಿದರೆ ಸಾಕು. ತೂತು ಬಿದ್ದಿದ್ದರೆ ಅಥವಾ ತಗಡು ಪದರ ಪದರವಾಗಿ ಎದ್ದಿದ್ದರೆ ಕತ್ತರಿಸಿ ಹೊಸದು ಹಾಕಲೇಬೇಕು. ಚಾಸಿಯ ಉದ್ದ ತೊಲೆಯೇ, ಅದರಲ್ಲೂ ಸ್ಪ್ರಿಂಗ್ ಕೂರುವಲ್ಲಿ, ಕೊಳೆತಿದ್ದರೆ ಊರಿನ ಬೆಸುಗೆ ಅಂಗಡಿಯ ಕೆಲಸವಲ್ಲ. ನುರಿತ ಚಾಸಿ ಮೇಸ್ತ್ರಿಗೆ ತೋರಿಸಿ.

ದುರಸ್ತಿಯ ಕ್ರಮ

1. ಮೊದಲು ಬ್ಯಾಟರಿಯ ತಂತಿ ಕಳಚಿ. ಹಳೆಯ ಸಿಜೆ-3ಬಿಯಲ್ಲಿ ಪೆಟ್ರೋಲ್ ಟ್ಯಾಂಕು ಚಾಲಕನ ಸೀಟಿನ ಕೆಳಗೇ ಇದೆ. ಅದನ್ನು ಬಿಚ್ಚಿ ದೂರವಿಡದೆ ಬೆಸುಗೆಗೆ ಬಿಡಬೇಡಿ. ಖಾಲಿ ಟ್ಯಾಂಕೆಂದು ಧೈರ್ಯಪಡುವಂತಿಲ್ಲ; ಒಳಗೆ ಉಳಿದ ಆವಿಯೇ ಸಿಡಿಯುವುದು.

2. ಚಾಸಿಯನ್ನು ಭದ್ರವಾದ ಸ್ಟ್ಯಾಂಡುಗಳ ಮೇಲೆ ಸಮತಟ್ಟಾಗಿ ನಿಲ್ಲಿಸಿ. ಬರಿಯ ಜಾಕಿ ನಂಬಿ ಯಾರೂ ಅಡಿಗೆ ಹೋಗಕೂಡದು. ಬಾಡಿಗೆ ಜಾಕಿ ಕೊಡುವಾಗ ನಡುವೆ ಅಗಲವಾದ ಮರದ ಹಲಗೆ ಇಡಿ.

3. ಕತ್ತರಿಸುವ ಮೊದಲು ಬಾಡಿಯ ಮೂಲೆಯಿಂದ ಮೂಲೆಗೆ ಅಡ್ಡ ಅಳತೆ ತೆಗೆದು ಬರೆದಿಡಿ. ಒಂದು ಮೌಂಟು ಮುಗಿದ ಮೇಲೆಯೇ ಇನ್ನೊಂದಕ್ಕೆ ಕೈಹಾಕಿ. ಎಲ್ಲವನ್ನೂ ಒಟ್ಟಿಗೆ ಕತ್ತರಿಸಿದರೆ ಬಾಡಿ ಸೊಟ್ಟಗಾಗುತ್ತದೆ.

4. ಹೊಳೆಯುವ ಗಟ್ಟಿ ಕಬ್ಬಿಣ ಸಿಗುವವರೆಗೆ ಕತ್ತರಿಸಿ. ಕೊಳೆತದ್ದರ ಮೇಲೆ ಹೊಸ ತಗಡು ಹೊದಿಸಿ ಬೆಸೆದರೆ ನೀರು ನಿಲ್ಲುವ ಇನ್ನೊಂದು ಸಂದಿ ಮಾಡಿದಂತೆಯೇ. ನಾವು ಚಾನಲ್ಲಿಗೆ 2 ಮಿ.ಮೀ., ಬೋಲ್ಟು ಕೂರುವ ಜಾಗಕ್ಕೆ 3 ಮಿ.ಮೀ. ತಗಡು ಹಾಕಿಸಿದೆವು.

5. ಮೊದಲು ಚುಕ್ಕೆ ಚುಕ್ಕೆಯಾಗಿ ಬೆಸೆದು, ಬೋಲ್ಟು ಸರಾಗವಾಗಿ ಇಳಿಯುವುದನ್ನೂ ಅಳತೆಯನ್ನೂ ನೋಡಿ, ಅನಂತರ ಅಲ್ಲಲ್ಲಿ ಬಿಟ್ಟು ಬಿಟ್ಟು ಪೂರ್ಣಗೊಳಿಸಬೇಕು. ಒಂದೇ ಸಮನೆ ಬೆಸೆದರೆ ತಗಡು ತಿರುಚಿಕೊಳ್ಳುತ್ತದೆ. ಮನೆಯಲ್ಲಿ ಉಳಿದ ಜಿಂಕ್ ಶೀಟು ಬಳಸುವ ಆಸೆ ಬೇಡ. ಸತುವಿನ ಹೊಗೆ ಕುಡಿದ ಬೆಸುಗೆಯವನಿಗೆ ಜ್ವರ ಬರುತ್ತದೆ.

6. ಜೋಡಿಸುವ ಮುನ್ನವೇ, ಬಳಿಕ ಕೈಗೆಟುಕದ ಜಾಗಕ್ಕೂ ಪ್ರೈಮರ್ ಬಳಿಯಿರಿ. ಎಲ್ಲ ಪ್ಯಾಡುಗಳನ್ನೂ ಒಟ್ಟಿಗೆ, ಒಂದೇ ದಪ್ಪದ್ದಾಗಿ ಬದಲಾಯಿಸಿ. ಬೋಲ್ಟುಗಳೂ ಹೊಸವಿರಲಿ. ಗಾಡಿ ತನ್ನ ಚಕ್ರಗಳ ಮೇಲೆ ನಿಂತ ಮೇಲೆ ಕೊನೆಯ ಬಿಗಿತ ಕೊಡಿ. ಕೆಲವು ದಿನ ಓಡಿಸಿ ಮತ್ತೊಮ್ಮೆ ಪರೀಕ್ಷಿಸಿ.

7. ಚಾನಲ್ಲಿನ ನೀರು ಇಳಿಯುವ ತೂತುಗಳನ್ನು ಮುಚ್ಚಬೇಡಿ. ಚಾಸಿಯ ಮೇಲೆ ಅಚ್ಚೊತ್ತಿದ ನಂಬರನ್ನು ಉಜ್ಜಿ ಅಳಿಸಬೇಡಿ.

ಕಾಫಿ ಕೊಯ್ಲು, ಅಡಿಕೆ ಕೊಯ್ಲು ಮುಗಿದು ಮಳೆಗಾಲ ಹಿಡಿಯುವ ಮೊದಲಿನ ಬಿಡುವು ಈ ಕೆಲಸಕ್ಕೆ ತಕ್ಕ ಕಾಲ. ಬಳಿಕ ಗೊಬ್ಬರ ಅಥವಾ ಮೈಲುತುತ್ತ ತಂದ ದಿನವೇ ಜೀಪಿನ ನೆಲವನ್ನು ನೀರು ಹೊಯ್ದು ತೊಳೆಯುವ ರೂಢಿ ಇಟ್ಟುಕೊಂಡರೆ ಹಾಕಿದ ತಗಡು ಬಾಳುತ್ತದೆ.

ಸಂಘದ ಜೀಪಿನ ಕೆಲಸಕ್ಕೆ ಒಂಬತ್ತು ದಿನ ಹಿಡಿಯಿತು. ಅಷ್ಟು ದಿನ ಗಾಡಿ ನಿಲ್ಲಿಸಿದ್ದಕ್ಕೆ ಕೆಲವು ಸದಸ್ಯರು ಬೇಸರಪಟ್ಟುಕೊಂಡರು; ಅವರ ತೊಂದರೆ ನಮಗೆ ತಿಳಿಯದ್ದಲ್ಲ. ಆದರೆ ಹಿಂದಿನ ಸೀಟಿನಲ್ಲಿ ಕೂರುವ ಕೆಲಸದವರು ಗಾಡಿಯ ಅಡಿ ನೋಡಿ ಹತ್ತುವುದಿಲ್ಲ, ನಮ್ಮನ್ನು ನಂಬಿ ಹತ್ತುತ್ತಾರೆ. ಮುಂದಿನ ಸಲ ಅವರನ್ನು ಕೂರಿಸಿಕೊಳ್ಳುವ ಮೊದಲು ತಾವೂ ಒಂದು ಸುತ್ತಿಗೆ ಹಿಡಿದು ಅಡಿಗೆ ಬಗ್ಗಿ ನೋಡಬೇಕೆಂದು ನಮ್ಮ ವಿನಂತಿ.

— ಕಾರ್ಯದರ್ಶಿ