ಊರೊಟ್ಟು ಮತ್ತು ಕೇರಿಯ ಲೆಕ್ಕ

‘ಹಿಂದೆ ನಮ್ಮೂರಲ್ಲಿ ಎಲ್ರೂ ಒಟ್ಟಾಗಿದ್ರು’ ಎಂಬ ಮಾತು ಬೆಂಗಳೂರಿನ ಸುತ್ತಣ ಯಾವ ಹಳ್ಳಿಗೆ ಹೋದರೂ ಕಿವಿಗೆ ಬೀಳುತ್ತದೆ. ಕೆರೆಯ ಹೂಳೆತ್ತಿದ್ದು, ಮಾರಿಹಬ್ಬ ಮಾಡಿದ್ದು ಇದಕ್ಕೆ ಸಾಕ್ಷಿ. ಈ ಒಟ್ಟು ಯಾರ ಬೆನ್ನ ಮೇಲೆ ನಿಂತಿತ್ತು ಎಂಬುದು ದಲಿತ ವಿಮರ್ಶೆ ಕೇಳಬೇಕಾದ ಮೊದಲ ಪ್ರಶ್ನೆ.

ಒಂದು ಕಾಲಕ್ಕೆ ಬೆಂಗಳೂರಿನ ಪಕ್ಕದ ಹಳ್ಳಿಯಾಗಿದ್ದು, ಈಗ ನಗರದ ಹೊಟ್ಟೆ ಸೇರಿರುವ ಬೇಗೂರನ್ನೇ ನೋಡೋಣ. ಅಲ್ಲಿನ ನಾಗೇಶ್ವರ ದೇವಾಲಯದಲ್ಲಿ ಸುಮಾರು 890ರ ಶಾಸನವೊಂದಿದೆ. ಬೆಂಗಳೂರು ಎಂಬ ಹೆಸರು ಸಿಗುವ ಹಳೆಯ ಶಾಸನವೆಂದು ಅದು ಪ್ರಸಿದ್ಧ. ಬೇಗೂರಿನ ಇನ್ನೊಂದು ವೀರಗಲ್ಲು ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ತುಂಬೆಪಾಡಿಯ ಕಾಳಗದಲ್ಲಿ ನಾಗತ್ತರ ಮಡಿದ; ಗಂಗರ ಎರೆಯಪ್ಪ ಇರುಗನಿಗೆ ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟ ಎಂದು ಅದು ಹೇಳುತ್ತದೆ. ಕೊಟ್ಟವನ ಹೆಸರಿದೆ, ಪಡೆದವನ ಹೆಸರಿದೆ. ಆ ಹನ್ನೆರಡು ಊರುಗಳ ನೆಲ ಉತ್ತವರ ಹೆಸರಿಲ್ಲ.

ಇದೇ ಕುರುಡು ಮುಂದೆ ಸಿದ್ಧಾಂತವೂ ಆಯಿತು. 1830ರಲ್ಲಿ ಮೆಟ್‌ಕಾಫ್ ಭಾರತದ ಹಳ್ಳಿಗಳನ್ನು ಪುಟ್ಟ ಗಣರಾಜ್ಯಗಳೆಂದ. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಆ ಹೊಗಳಿಕೆಯನ್ನೇ ಎತ್ತಿಕೊಂಡು ತಿರಸ್ಕರಿಸಿದರು. ಅವರ ಪಾಲಿಗೆ ಹಳ್ಳಿಯೆಂದರೆ ಸಂಕುಚಿತತೆಯ, ಅಜ್ಞಾನದ ಕೂಪ.

ಕಲ್ಲು ಹೇಳದ್ದನ್ನು ನನಗೆ ಹೇಳಿದ್ದು ನಮ್ಮ ತಾತ. ಅವರಪ್ಪ ದೇವನಹಳ್ಳಿ ಸೀಮೆಯ ನಮ್ಮೂರಿನ ತೋಟಿ. ಸಾರು ಹಾಕೋದು, ಸಾವಿನ ಸುದ್ದಿ ಮುಟ್ಟಿಸೋದು, ಸತ್ತ ದನ ಹೊರೋದು, ಕಂದಾಯದ ಕಾಲಕ್ಕೆ ಶ್ಯಾನುಭೋಗರ ಹಿಂದೆ ತಿರುಗೋದು ಅವರ ಚಾಕರಿ. ಪ್ರತಿಯಾಗಿ ಸುಗ್ಗಿಯಲ್ಲಿ ಕಣದ ಕಾಳು ಮತ್ತು ಎರಡೆಕರೆ ಇನಾಮ್ತಿ ಹೊಲ. ‘ಹಬ್ಬಕ್ಕೆ ತಮಟೆ ನಮ್ದು, ದೇವ್ರು ಅವ್ರದು ಕಣಪ್ಪ’ ಅನ್ನುತ್ತಿದ್ದರು ತಾತ. ಊರೊಟ್ಟಿನ ಬಗ್ಗೆ ನಾನು ಓದಿದ ಯಾವ ಪುಸ್ತಕವೂ ಇಷ್ಟು ಸ್ಪಷ್ಟವಾಗಿ ಹೇಳಿಲ್ಲ.

1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರಲ್ಲಿ ಜಾರಿಗೆ ಬಂತು. ಚಾಕರಿಯ ಜಮೀನು ತೋಟಿ, ತಳವಾರ, ನೀರುಗಂಟಿಗಳಿಗೇ ಮರುಮಂಜೂರಾಗಬೇಕೆಂದಿತು. 1978ರಲ್ಲಿ ಪರಿಶಿಷ್ಟರಿಗೆ ಸರ್ಕಾರ ಕೊಟ್ಟ ಜಮೀನಿನ ಪರಭಾರೆ ತಡೆಯಲು ಇನ್ನೊಂದು ಕಾಯ್ದೆ ಬಂತು. ಆದರೆ ವಂಶಪಾರಂಪರ್ಯ ಹುದ್ದೆಯ ಇನಾಮನ್ನು ಅದರ ವ್ಯಾಖ್ಯೆಯೇ ಹೊರಗಿಟ್ಟಿತು. 2023ರ ತಿದ್ದುಪಡಿ ಕಾಲಮಿತಿಯನ್ನು ತೆಗೆದಾಗಲೂ ಆ ಮಾತು ಹಾಗೇ ಉಳಿಯಿತು. ಅಂದರೆ ತಲೆಮಾರುಗಟ್ಟಲೆ ಊರಿಗೆ ದುಡಿದು ಗಳಿಸಿದ ಹೊಲಕ್ಕೇ ಆ ಬೇಲಿ ಇಲ್ಲ. ನಗರ ಹತ್ತಿರವಾದಂತೆ ನಮ್ಮ ಎರಡೆಕರೆ ಒಂದು ಮದುವೆ ಸಾಲಕ್ಕೆ ಕೈಬಿಟ್ಟಿತು. ಈಗ ಅಲ್ಲಿ ಲೇಔಟಿದೆ.

ಹಾಗಂತ ಒಟ್ಟಾಗಿ ಬಾಳುವುದೇ ಸುಳ್ಳೆಂದು ನಾನು ಹೇಳುತ್ತಿಲ್ಲ. ತಾತನ ಹೊಲದ ಕಳೆ ಕೀಳಲು ಇಡೀ ಕೇರಿ ಮುಯ್ಯಾಳಾಗಿ ಬರುತ್ತಿತ್ತು. ಅಲ್ಲಿ ದುಡಿದವರೆಲ್ಲ ಒಂದೇ ಸಾಲಿನಲ್ಲಿ ಕೂತು ಉಣ್ಣುತ್ತಿದ್ದರು. ಊರಿನ ಚರಿತ್ರೆ ಬರೆಯುವ ಗೆಳೆಯರು ವೀರಗಲ್ಲಿನ ಜೊತೆ ಪಹಣಿಯನ್ನೂ ಇನಾಮ್ತಿ ರಿಜಿಸ್ಟರನ್ನೂ ಓದಬೇಕು. ಆಮೇಲೆ ಕೇರಿಗೆ ಬಂದು ಹಿರಿಯರ ಹತ್ತಿರ ಕೂರಬೇಕು. ಯಾವ ಹೊಲ ಯಾರದಾಗಿತ್ತು ಅಂತ ಅವರು ಬೆರಳು ಮಾಡಿ ತೋರಿಸುತ್ತಾರೆ.